ಚೆಂಡು ರಿಂಗಿಗೆ ಬೀಳದ ದಿನದ ಗೆಲುವು

ಕಾಲೇಜಿನ ಬಾಸ್ಕೆಟ್‌ಬಾಲ್ ದಿನಗಳ ಬಗ್ಗೆ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ, ಕಪ್ ಗೆದ್ದ ಯಾವುದೋ ವರ್ಷದ ಕಥೆಯನ್ನು ಅವರು ನಿರೀಕ್ಷಿಸಿದ್ದಿರಬಹುದು. ನಾನಿದ್ದ ವರ್ಷಗಳಲ್ಲಿ ನಮ್ಮ ಮಹಿಳಾ ತಂಡ ಯಾವ ಕಪ್ಪನ್ನೂ ಗೆಲ್ಲಲಿಲ್ಲ. ಆದರೂ ನನ್ನ ಎರಡನೆಯ ವರ್ಷದ ಅಂತರಕಾಲೇಜು ಲೀಗಿನಲ್ಲಿ ನಾವು ಗೆದ್ದ ಒಂದು ಪಂದ್ಯದ ವಿಷಯವನ್ನು ಬರೆದಿಡಬೇಕೆಂದು ಬಹಳ ದಿನಗಳಿಂದ ಅನ್ನಿಸುತ್ತಿತ್ತು. ಫಲಿತಾಂಶಗಳ ಪಟ್ಟಿಯಲ್ಲಿ ಅದು ಒಂದು ಸಾಲು ಮಾತ್ರ. ಬೆಂಚಿನ ಮೇಲೆ ಕುಳಿತು ನೋಡಿದ ನನಗೆ, ನಮ್ಮ ತಂಡ ಆಡುವುದನ್ನು ಕಲಿತದ್ದು ಆ ದಿನವೇ ಎನ್ನಿಸಿತ್ತು.

ಆ ವರ್ಷ ನಮ್ಮ ಆಟಕ್ಕೆ ಒಂದು ಹದವೇ ಇರಲಿಲ್ಲ. ಮೊದಲ ಪಂದ್ಯವನ್ನು ದೊಡ್ಡ ಅಂತರದಿಂದ ಗೆದ್ದು, ಎರಡನೆಯದನ್ನು ಅಷ್ಟೇ ದೊಡ್ಡ ಅಂತರದಿಂದ ಸೋತೆವು. ಆಮೇಲೆ ಗೆಲ್ಲಬೇಕಾಗಿದ್ದ ಪಂದ್ಯವೊಂದು ಕೊನೆಯ ನಿಮಿಷದಲ್ಲಿ ಕೈತಪ್ಪಿತು. ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ. ನಮ್ಮ ಬಹುಪಾಲು ಪಾಯಿಂಟುಗಳು ಬರುತ್ತಿದ್ದದ್ದು ಅಂತಿಮ ವರ್ಷದಲ್ಲಿದ್ದ ನಮ್ಮ ಕ್ಯಾಪ್ಟನ್ ಅಕ್ಕನ ಕೈಯಿಂದ. ಮೂರು ಪಾಯಿಂಟಿನ ಗೆರೆ ಆಗ ರಿಂಗಿನಿಂದ 6.25 ಮೀಟರ್ ದೂರದಲ್ಲಿತ್ತು (2010ರಲ್ಲಿ ಅದನ್ನು 6.75 ಮೀಟರಿಗೆ ಹಿಂದೆ ಸರಿಸಿದರು), ಆ ಗೆರೆಯ ಹೊರಗಿನಿಂದ ಅಕ್ಕನ ಚೆಂಡು ಬೀಳತೊಡಗಿತೆಂದರೆ ಎದುರಾಳಿಗಳು ಅವರನ್ನು ತಡೆಯಲು ಮುಂದೆ ಬರಲೇಬೇಕಾಗುತ್ತಿತ್ತು, ಒಳಗೆ ಜಾಗ ತೆರೆದುಕೊಳ್ಳುತ್ತಿತ್ತು, ಉಳಿದವರಿಗೂ ಕೈ ಕುದುರುತ್ತಿತ್ತು. ಬೀಳದ ದಿನ ಇದೆಲ್ಲವೂ ತಿರುವುಮುರುವಾಗುತ್ತಿತ್ತು. ಎದುರಾಳಿಗಳು ರಿಂಗಿನ ಕೆಳಗೆ ಗುಂಪುಗೂಡಿ ನಿಲ್ಲುತ್ತಿದ್ದರು, ನಾವು ಹೊರಗಡೆಯೇ ಚೆಂಡನ್ನು ಅಲ್ಲಿಂದಿಲ್ಲಿಗೆ ಸಾಗಿಸುತ್ತ, ಶಾಟ್ ಹೊಡೆಯಲು ಸಿಗುವ 24 ಸೆಕೆಂಡುಗಳನ್ನು ಮುಗಿಸಿಬಿಡುತ್ತಿದ್ದೆವು. ನಮ್ಮ ಲೀಗಿನ ಕೋರ್ಟುಗಳಲ್ಲಿ ಆ ಸೆಕೆಂಡುಗಳನ್ನು ತೋರಿಸುವ ಫಲಕಗಳಿರಲಿಲ್ಲ; ಮೇಜಿನ ಬಳಿ ಕುಳಿತವರು ಗಡಿಯಾರ ನೋಡುತ್ತ ಕೊನೆಯ ಐದನ್ನು ಕೂಗಿ ಹೇಳುತ್ತಿದ್ದರು. ಆ ಕೂಗು ಕೇಳಿದೊಡನೆ ನಮ್ಮವರು ಗಾಬರಿಯಿಂದ ಎಲ್ಲಿಂದಲಾದರೂ ಎಸೆದುಬಿಡುತ್ತಿದ್ದರು.

ಸೋಲಿನ ಹೊಣೆಯನ್ನು ಶೂಟಿಂಗಿನ ಮೇಲೆ ಹೊರಿಸಿ ಸುಮ್ಮನಿರುವುದು ಸುಲಭವಿತ್ತು. ನಮ್ಮ ದೈಹಿಕ ಶಿಕ್ಷಣದ ಮೇಡಂ ಅದನ್ನು ಒಪ್ಪಲಿಲ್ಲ. ನಾನು ಹೆಚ್ಚಾಗಿ ಬೆಂಚಿನಲ್ಲೇ ಇರುತ್ತಿದ್ದ ಗಾರ್ಡ್ ಆದ್ದರಿಂದ ನನ್ನ ಕೈಗೆ ಒಂದು ಉದ್ದನೆಯ ನೋಟ್‌ಬುಕ್ ಕೊಟ್ಟು, ಯಾರು ಎಷ್ಟು ಪಾಯಿಂಟ್ ಗಳಿಸಿದರೆಂಬುದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆಯಲು ಹೇಳಿದರು. ನಾವು ಕೈಯಾರೆ ಕಳೆದುಕೊಂಡ ಚೆಂಡುಗಳು, ತಪ್ಪಿದ ಫ್ರೀ ಥ್ರೋಗಳು (ಎದುರಾಳಿಯ ಫೌಲಿಗಾಗಿ ಯಾರ ಅಡ್ಡಿಯೂ ಇಲ್ಲದೆ ಎಸೆಯಲು ಸಿಗುವ ಚೆಂಡುಗಳು), ಎಲ್ಲಕ್ಕಿಂತ ಮುಖ್ಯವಾಗಿ ಎದುರಾಳಿಯ ಶಾಟ್ ತಪ್ಪಿದ ಮೇಲೂ ಚೆಂಡು ಮತ್ತೆ ಅವರ ಕೈಗೇ ಸಿಕ್ಕ ಸಂದರ್ಭಗಳು. ಕೆಲವು ಪಂದ್ಯಗಳಾಗುವಷ್ಟರಲ್ಲಿ ಈ ಕೊನೆಯ ಕಾಲಮ್ ಮಾತ್ರ ಪುಟದ ಅಂಚಿಗೆ ಮುಟ್ಟುವಂತೆ ಬೆಳೆದಿತ್ತು, ಮತ್ತು ನಾವು ಗೆದ್ದ ಪಂದ್ಯಗಳಲ್ಲೂ ಅದು ಚಿಕ್ಕದಾಗಿರಲಿಲ್ಲ. ಗೆದ್ದ ದಿನ ನಮ್ಮ ಚೆಂಡುಗಳು ಬಿದ್ದದ್ದರಿಂದ ಆ ಲೋಪ ಮುಚ್ಚಿಹೋಗಿತ್ತು, ಅಷ್ಟೇ.

ನಾವು ಆಡುತ್ತಿದ್ದದ್ದು ಮುಂದೆ ಇಬ್ಬರು, ಹಿಂದೆ ಮೂವರು ನಿಲ್ಲುವ ಝೋನ್ ರಕ್ಷಣೆ. ಓಟ ಕಡಿಮೆ, ಫೌಲ್ ಕಡಿಮೆ ಎಂಬ ಕಾರಣಕ್ಕೆ ಅನೇಕ ಕಾಲೇಜು ತಂಡಗಳು ಅದನ್ನು ಇಷ್ಟಪಡುತ್ತವೆ. ಆದರೆ ಝೋನಿನಲ್ಲಿ ಪ್ರತಿಯೊಬ್ಬಳೂ ಕಾಯುವುದು ಒಂದು ಜಾಗವನ್ನು. ಶಾಟ್ ಹೊರಟ ಕ್ಷಣದಲ್ಲಿ ಯಾರು ಯಾರನ್ನು ಬೆನ್ನಿಂದ ತಡೆದು ನಿಲ್ಲಿಸಬೇಕೆಂಬುದು ನಿಶ್ಚಯವಿರುವುದಿಲ್ಲ. ಎಲ್ಲರೂ ತಲೆಯೆತ್ತಿ ಚೆಂಡನ್ನು ನೋಡುತ್ತ ನಿಂತರೆ, ಎರಡು ಜಾಗಗಳ ನಡುವಿನ ಸಂದಿನಿಂದ ಎದುರಾಳಿ ನುಗ್ಗಿ ಬರುತ್ತಾಳೆ. ಇಪ್ಪತ್ತು ಸೆಕೆಂಡು ಚೆನ್ನಾಗಿ ತಡೆದು, ಕೆಟ್ಟ ಶಾಟ್ ಹೊಡೆಯುವಂತೆ ಮಾಡಿ, ಆಮೇಲೆ ರೀಬೌಂಡ್ (ಗುರಿ ತಪ್ಪಿ ಚಿಮ್ಮಿ ಬರುವ ಚೆಂಡು) ಬಿಟ್ಟುಕೊಟ್ಟರೆ ಆಗಿನ ನಿಯಮದಂತೆ ಅವರಿಗೆ ಮತ್ತೆ ಪೂರ್ತಿ 24 ಸೆಕೆಂಡು ಸಿಗುತ್ತಿತ್ತು. ದಣಿದ ಕಾಲುಗಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕಿರಲಿಲ್ಲ.

ಮೇಡಂ ಅಭ್ಯಾಸದ ಕ್ರಮವನ್ನೇ ಬದಲಿಸಿದರು. ಮೊದಲ ಅರ್ಧ ಗಂಟೆ ಡ್ರಿಬಲ್, ಅಂದರೆ ಚೆಂಡನ್ನು ನೆಲಕ್ಕೆ ಬಡಿಯುತ್ತ ಸಾಗುವುದು, ಪೂರ್ತಿ ನಿಷಿದ್ಧ. 1891ರಲ್ಲಿ ಜೇಮ್ಸ್ ನೈಸ್ಮಿತ್ ಈ ಆಟಕ್ಕೆ ಬರೆದ 13 ನಿಯಮಗಳಲ್ಲಿ, ಚೆಂಡು ಹಿಡಿದವರು ಓಡುವಂತಿಲ್ಲ, ಹಿಡಿದ ಜಾಗದಿಂದಲೇ ಎಸೆಯಬೇಕು ಎಂದಿದೆ. ಡ್ರಿಬಲ್ ಬಂದದ್ದು ಆಮೇಲೆ. ಮೇಡಂ ಈ ಸಂಗತಿಯನ್ನು ಇತಿಹಾಸದ ಪಾಠವಾಗಿ ಹೇಳದೆ, ಎರಡು ಹೆಜ್ಜೆಗೊಮ್ಮೆ ಚೆಂಡನ್ನು ನೆಲಕ್ಕೆ ಬಡಿಯುವ ಚಟವಿದ್ದ ನಮ್ಮ ಪಾಯಿಂಟ್ ಗಾರ್ಡನ್ನು ಗದರಿಸಲು ಬಳಸುತ್ತಿದ್ದರು: "ನೈಸ್ಮಿತ್ ಕಾಲದಲ್ಲಿ ಆಡುತ್ತಿದ್ದೀಯ ಅಂದುಕೋ, ಪಾಸ್ ಕೊಟ್ಟು ಓಡು." ಅದಾದ ಮೇಲೆ ಬಾಕ್ಸ್ ಔಟ್. ಇಬ್ಬಿಬ್ಬರು ಜೋಡಿಯಾಗಿ ನಿಲ್ಲಬೇಕು. ಮೇಡಂ ಬೋರ್ಡಿಗೆ ಚೆಂಡೆಸೆದೊಡನೆ ಕಾಯುವವಳು ಚೆಂಡನ್ನು ನೋಡದೆ ಮೊದಲು ತನ್ನ ಜೋಡಿಯ ಕಡೆ ತಿರುಗಿ, ಮುಂದೋಳಿನಿಂದ ಆಕೆಯನ್ನು ಗುರುತಿಸಿ, ಪಾದ ತಿರುಗಿಸಿ, ಸೊಂಟ ತಗ್ಗಿಸಿ ಬೆನ್ನಿನ ಹಿಂದೆ ಹಾಕಿಕೊಳ್ಳಬೇಕು. ಚೆಂಡು ನೆಲಕ್ಕೆ ಬೀಳುವವರೆಗೂ ಯಾರೂ ಕೈಯೆತ್ತಬಾರದು. ನೋಡುವವರಿಗೆ ಇದು ಬಾಸ್ಕೆಟ್‌ಬಾಲಿಗಿಂತ ಕುಸ್ತಿಯಂತೆ ಕಾಣುತ್ತಿತ್ತು. ರಿಂಗಿನ ಕೆಳಗಿನ ನಿರ್ಬಂಧಿತ ಜಾಗ ಆಗ ಈಗಿನಂತೆ ಆಯತಾಕಾರದಲ್ಲಿರದೆ ಬೋರ್ಡಿನ ಕಡೆಗೆ ಅಗಲವಾಗುತ್ತ ಹೋಗುತ್ತಿತ್ತು. ದಾಳಿ ಮಾಡುವವರು ಆ ಜಾಗದಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದೆಂಬ ನಿಯಮದಿಂದಾಗಿ ಎತ್ತರದ ಹುಡುಗಿಯರು ರಿಂಗಿನಿಂದ ಸ್ವಲ್ಪ ದೂರವೇ ನಿಲ್ಲಬೇಕಾಗಿತ್ತು. ಹಾಗಾಗಿ ರೀಬೌಂಡಿಗೆ ಎತ್ತರಕ್ಕಿಂತ ಮೊದಲ ಹೆಜ್ಜೆ ಮುಖ್ಯ ಎಂಬ ಮೇಡಂ ಮಾತಿನಲ್ಲಿ ಹುರುಳಿತ್ತು.

ಕೊನೆಗೆ ಫ್ರೀ ಥ್ರೋ, ಅದೂ ಎಲ್ಲ ಓಟ ಮುಗಿದು ಉಸಿರು ಮೇಲಕ್ಕೆ ಬಂದಿರುವಾಗ. ರಿಂಗಿನ ಬಳಿ ಆಡುವ ನಮ್ಮ ಸೆಂಟರ್ ಮೊದಲ ವರ್ಷದವಳು, ಮಾತು ಕಡಿಮೆ, ಫ್ರೀ ಥ್ರೋ ಗೆರೆಯೆಂದರೆ ಅವಳಿಗೆ ನಡುಕ. ಎದುರಾಳಿಗಳಿಗೆ ಇದು ತಿಳಿದುಹೋಗಿ, ಅವಳ ಕೈಗೆ ಚೆಂಡು ಬಂದರೆ ಬೇಕೆಂದೇ ಫೌಲ್ ಮಾಡುತ್ತಿದ್ದರು. ಅವಳು ತೋಳಿನ ಬಲದಿಂದ ಮಾತ್ರ ಎಸೆಯುತ್ತಿದ್ದಳು, ದಣಿದಾಗ ಚೆಂಡು ರಿಂಗಿನ ಮುಂಭಾಗಕ್ಕೆ ಬಡಿದು ಬೀಳುತ್ತಿತ್ತು. ಮೇಡಂ ಅವಳ ತೋಳನ್ನು ಬಿಟ್ಟು ಮೊಣಕಾಲನ್ನು ತಿದ್ದಿದರು. ಅಂಗೈ ಒರೆಸಿಕೊಂಡು, ಚೆಂಡಿನ ಗೆರೆಗಳು ಬೆರಳುಗಳಿಗೆ ಅಡ್ಡ ಬರುವಂತೆ ಹಿಡಿದು, ಮೊಣಕಾಲು ಬಗ್ಗಿಸಿ, ಏಳುತ್ತಲೇ ಎಸೆಯುವುದು. ಪ್ರತಿ ಸಲವೂ ಅದೇ ಕ್ರಮ, ಅದೇ ವೇಗ. ಉಳಿದವರು ಮನೆಗೆ ಹೊರಟ ಮೇಲೂ ಅವಳು ನಿಂತು ಎಸೆಯುತ್ತಿದ್ದಳು, ಕ್ಯಾಪ್ಟನ್ ಅಕ್ಕ ಚೆಂಡು ಹೆಕ್ಕಿ ಕೊಡುತ್ತಿದ್ದರು.

ನಾನು ಹೇಳುತ್ತಿರುವ ಪಂದ್ಯ ಲೀಗಿನಲ್ಲಿ ಮೊದಲ ಸ್ಥಾನದಲ್ಲಿದ್ದ ತಂಡದ ವಿರುದ್ಧ ನಡೆಯಿತು. ನಾವು ಗೆಲ್ಲುತ್ತೇವೆಂದು ನಮ್ಮ ಕಾಲೇಜಿನವರೇ ನಂಬಿರಲಿಲ್ಲ, ನೋಡಲು ಬಂದವರೂ ಹೆಚ್ಚಿರಲಿಲ್ಲ. ಮೊದಲ ಎರಡು ಕ್ವಾರ್ಟರುಗಳು ನಮ್ಮ ಹಳೆಯ ಸೋಲುಗಳಂತೆಯೇ ಸಾಗಿದವು. ಅಕ್ಕನ ಶಾಟುಗಳು ಒಂದಾದ ಮೇಲೊಂದು ರಿಂಗಿಗೆ ತಾಗಿ ಹೊರಚಿಮ್ಮಿದವು. ಆದರೆ ನನ್ನ ನೋಟ್‌ಬುಕ್ಕಿನಲ್ಲಿ ಮಾತ್ರ ಬೇರೆ ಸಂಗತಿ ಕಾಣುತ್ತಿತ್ತು: ಎದುರಾಳಿಗೆ ಎರಡನೆಯ ಅವಕಾಶ ಸಿಕ್ಕ ಕಾಲಮ್ ಎಂದಿಗಿಂತ ಅರ್ಧದಷ್ಟಿತ್ತು. ಅಷ್ಟು ಕೆಟ್ಟದಾಗಿ ಶೂಟ್ ಮಾಡಿಯೂ ನಾವು ಹಿಂದಿದ್ದದ್ದು ಕೆಲವೇ ಪಾಯಿಂಟುಗಳಿಂದ.

ವಿರಾಮದಲ್ಲಿ ಮೇಡಂ ಆ ಪುಟವನ್ನು ಎಲ್ಲರಿಗೂ ತೋರಿಸಿ, ಝೋನ್ ಬಿಟ್ಟು, ಒಬ್ಬೊಬ್ಬಳೂ ಒಬ್ಬ ಎದುರಾಳಿಯನ್ನೇ ಕಾಯುವ ಮ್ಯಾನ್ ಟು ಮ್ಯಾನ್ ಆಡಿ ಎಂದರು. ಅಕ್ಕನಿಗೆ ಅವರು ಹೇಳಿದ ಮಾತು ನನಗೆ ಇನ್ನೂ ಆಶ್ಚರ್ಯ ತರುತ್ತದೆ. ಶೂಟ್ ಮಾಡಬೇಡ ಎನ್ನಲಿಲ್ಲ. "ಬೀಳದಿದ್ದರೂ ಅವರು ನಿನ್ನನ್ನು ಬಿಟ್ಟು ಹೋಗುವುದಿಲ್ಲ, ಅದನ್ನೇ ಉಪಯೋಗಿಸು" ಎಂದರು. ಮೂರನೆಯ ಕ್ವಾರ್ಟರಿನಲ್ಲಿ ಅಕ್ಕ ಚೆಂಡಿಗಾಗಿ ಕೈಚಾಚುವುದನ್ನು ಬಿಟ್ಟು, ಸೆಂಟರಿನ ಕಾವಲುಗಾರ್ತಿಗೆ ಅಡ್ಡವಾಗಿ ನಿಂತು ಸ್ಕ್ರೀನ್ ಹಾಕತೊಡಗಿದರು. ಅಕ್ಕನನ್ನು ಕಾಯುವವಳು ಅಕ್ಕನಿಗೇ ಅಂಟಿಕೊಂಡಿದ್ದರಿಂದ ಸೆಂಟರಿಗೆ ಒಂದು ಹೆಜ್ಜೆಯ ಬಿಡುವು ಸಿಗುತ್ತಿತ್ತು, ಪಾಸ್ ಒಳಗೆ ಬೀಳುತ್ತಿತ್ತು. ಅಂತಿಮ ವರ್ಷದ ಒಬ್ಬ ಆಟಗಾರ್ತಿ ಹೊಸಬಳಿಗಾಗಿ ಮೈಯೊಡ್ಡಿ ನಿಂತದ್ದನ್ನು ಗ್ಯಾಲರಿಯಲ್ಲಿದ್ದ ಎಷ್ಟು ಮಂದಿ ಗಮನಿಸಿದರೋ ತಿಳಿಯದು. ಸ್ಕೋರ್ ಶೀಟಿನಲ್ಲಿ ಅದಕ್ಕೆ ಜಾಗವೇ ಇಲ್ಲ.

ಮ್ಯಾನ್ ಟು ಮ್ಯಾನ್ ಆಡಿದ್ದಕ್ಕೆ ಬೆಲೆಯನ್ನೂ ತೆರಬೇಕಾಯಿತು. ಪಾಯಿಂಟ್ ಗಾರ್ಡ್ ನಾಲ್ಕನೆಯ ಫೌಲ್ ಮಾಡಿ ಬೆಂಚಿಗೆ ಬಂದಾಗ, ಐದನೆಯದಕ್ಕೆ ಆಕೆ ಹೊರಬೀಳುವ ಭಯವಿದ್ದುದರಿಂದ ನನ್ನನ್ನು ಒಳಗೆ ಕಳುಹಿಸಿದರು. ಚೆಂಡನ್ನು ಎಂಟು ಸೆಕೆಂಡಿನೊಳಗೆ ಮಧ್ಯದ ಗೆರೆ ದಾಟಿಸು, ಪಾಸ್ ಕೊಡು, ಬೇರೇನೂ ಬೇಡ ಎಂಬ ಆದೇಶವಿತ್ತು. ಅಷ್ಟನ್ನೇ ಮಾಡಿ ಮರಳಿದೆ.

ಕೊನೆಯ ಕ್ವಾರ್ಟರಿನಲ್ಲಿ ಅವರ ತಂಡದ ಫೌಲುಗಳು ನಾಲ್ಕು ದಾಟಿದ್ದವು. ನಮ್ಮ ಕೈಯಲ್ಲಿ ಚೆಂಡಿದ್ದಾಗ ಅವರು ಮಾಡುವ ಪ್ರತಿ ಫೌಲಿಗೂ ನಮಗೆ ಎರಡು ಫ್ರೀ ಥ್ರೋ. ಅರ್ಧ ನಿಮಿಷದಷ್ಟು ಉಳಿದಿರುವಾಗ ನಾವು ಒಂದು ಪಾಯಿಂಟ್ ಹಿಂದಿದ್ದೆವು. ರೂಢಿಯಂತೆ ನಮ್ಮ ಸೆಂಟರಿನ ಕೈಯನ್ನೇ ಅವರು ಹೊಡೆದರು. ಅವಳು ಗೆರೆಗೆ ಬಂದು ಅಂಗೈ ಒರೆಸಿಕೊಂಡಳು, ಚೆಂಡನ್ನು ತಿರುಗಿಸಿ ಗೆರೆ ನೋಡಿಕೊಂಡಳು, ಮೊಣಕಾಲು ಬಗ್ಗಿತು. ಮೊದಲನೆಯದು ಬೋರ್ಡಿಗೂ ತಾಗದೆ ಬಲೆಯೊಳಗೆ ಬಿತ್ತು. ಎರಡನೆಯದು ರಿಂಗಿನ ಹಿಂಭಾಗಕ್ಕೆ ಬಡಿದು, ಮೇಲೆದ್ದು, ಒಳಗೇ ಇಳಿಯಿತು. ಅವಳು ಯಾರ ಮುಖವನ್ನೂ ನೋಡದೆ ಹಿಂದಕ್ಕೆ ಓಡಿದಳು.

ಅವರ ಕೊನೆಯ ಶಾಟ್ ತಪ್ಪಿದಾಗ ನಮ್ಮವರು ಐವರೂ ತಮ್ಮ ತಮ್ಮ ಎದುರಾಳಿಯನ್ನು ಬೆನ್ನ ಹಿಂದೆ ಹಾಕಿಕೊಂಡಿದ್ದರು. ಚೆಂಡು ನೆಲಕ್ಕೆ ಬಡಿದು ಪುಟಿಯಿತು, ಅಕ್ಕ ಎರಡೂ ಕೈಯಿಂದ ಹಿಡಿದರು, ಅವರ ಫಾರ್ವರ್ಡ್ ಕೂಡ ಬಿಗಿಯಾಗಿ ಹಿಡಿದಳು. ರೆಫರಿ ಎರಡೂ ಹೆಬ್ಬೆರಳೆತ್ತಿ ಹೆಲ್ಡ್ ಬಾಲ್ ಎಂದರು. ಪಂದ್ಯದ ಆರಂಭದಲ್ಲಿ ರೆಫರಿ ಮೇಲಕ್ಕೆಸೆದ ಚೆಂಡಿಗೆ ಇಬ್ಬರು ಜಿಗಿಯುವ ಜಂಪ್ ಬಾಲನ್ನು ನಾವು ಸೋತಿದ್ದೆವು. ಆದ್ದರಿಂದ ಮುಂದಿನ ಚೆಂಡು ಯಾರ ಸರದಿಯೆಂದು ತೋರಿಸುವ, ಪ್ರತಿ ಸರದಿಯ ನಂತರ ಕಡೆ ಬದಲಿಸುವ ಬಾಣ ಮೊದಲು ನಮ್ಮ ಕಡೆಗಿತ್ತು. ಎರಡನೆಯ ಕ್ವಾರ್ಟರಿನ ಆರಂಭದ ಎಸೆತ ನಮ್ಮದು, ಮೂರನೆಯದು ಅವರದು, ನಡುವೆ ಆದ ಒಂದು ಹೆಲ್ಡ್ ಬಾಲ್ ನಮ್ಮದು, ನಾಲ್ಕನೆಯ ಕ್ವಾರ್ಟರಿನ ಆರಂಭ ಅವರದು. ಮೇಜಿನ ಮೇಲಿನ ಬಾಣ ಈಗ ನಮ್ಮತ್ತ ತಿರುಗಿತ್ತು. ಅದೃಷ್ಟವೆಂದು ಎದುರಾಳಿಗಳು ಗೊಣಗಿದರು, ಸ್ವಲ್ಪ ಮಟ್ಟಿಗೆ ಅದು ನಿಜವೂ ಹೌದು. ಆದರೆ ಬೆನ್ನು ಕೊಟ್ಟು ತಡೆಯದಿದ್ದರೆ ಆ ಚೆಂಡಿಗೆ ನಮ್ಮ ಕೈಯೇ ತಾಗುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ. ಚೆಂಡನ್ನು ಒಳಗೆ ಎಸೆದೆವು, ಪಾಯಿಂಟ್ ಗಾರ್ಡ್ ಒಂದೇ ಒಂದು ಸಲವೂ ಡ್ರಿಬಲ್ ಮಾಡದೆ ಪಾಸ್ ಕೊಟ್ಟಳು, ಸಮಯ ಮುಗಿಯಿತು. ಅಂತರ ಒಂದೇ ಪಾಯಿಂಟ್.

ಅಲ್ಲಿಂದ ಮುಂದೆ ಎಲ್ಲವೂ ನೆಟ್ಟಗಾಯಿತೆಂದರೆ ಸುಳ್ಳಾಗುತ್ತದೆ. ಮುಂದಿನ ಪಂದ್ಯವನ್ನೇ ನಾವು ಸೋತೆವು, ಅದೂ ನಮಗಿಂತ ಕೆಳಗಿದ್ದ ತಂಡಕ್ಕೆ. ಲೀಗಿನ ಕೊನೆಗೆ ಪಟ್ಟಿಯ ಮಧ್ಯದಲ್ಲೆಲ್ಲೋ ನಿಂತೆವು. ಆದರೆ ಆಮೇಲಿನ ಯಾವ ಸೋಲೂ ದೊಡ್ಡ ಅಂತರದ್ದಾಗಿರಲಿಲ್ಲ. ಶೂಟಿಂಗ್ ಕೈಕೊಟ್ಟ ದಿನವೂ ಪಂದ್ಯ ಕೊನೆಯ ಕ್ವಾರ್ಟರಿನವರೆಗೆ ಜೀವಂತವಾಗಿರುತ್ತಿತ್ತು, ಮತ್ತು ಅಕ್ಕನ ಕಡೆಯೇ ನೋಡುತ್ತ ನಿಲ್ಲುವ ನಮ್ಮ ಅಭ್ಯಾಸ ತಪ್ಪಿತು. ಮಾರನೆಯ ವರ್ಷ ಅಕ್ಕ ಪದವಿ ಮುಗಿಸಿ ಹೋದ ಮೇಲೆ, ತಂಡ ಕುಸಿಯುತ್ತದೆಂದು ಹಲವರು ಹೇಳಿದ್ದರು. ಕುಸಿಯಲಿಲ್ಲ. ಫ್ರೀ ಥ್ರೋ ಗೆರೆಗೆ ಹೆದರುತ್ತಿದ್ದ ಆ ಸೆಂಟರ್ ಮೂರನೆಯ ವರ್ಷದಲ್ಲಿ ಕ್ಯಾಪ್ಟನ್ ಆದಳು. ನೋಟ್‌ಬುಕ್ಕಿನ ಕೆಲಸವನ್ನು ಬೆಂಚಿನಲ್ಲಿದ್ದ ಒಬ್ಬ ಕಿರಿಯಳಿಗೆ ವಹಿಸಿ, ಕಾಲಮ್ಮುಗಳನ್ನು ತಾನೇ ಗೆರೆ ಎಳೆದುಕೊಟ್ಟಳೆಂದು ಆಮೇಲೆ ಕೇಳಿದೆ.