ಟ್ಯಾಂಕರ್ ನೀರಿನ ಊರಿಂದ ಹೊಗೇನಕಲ್‌ಗೆ

ಕೋಲಾರದಲ್ಲಿ ಹುಟ್ಟಿ ಬೆಳೆದವರಿಗೆ ನೀರು ಬೀಳುವುದು ಅಂದರೆ ಮೊದಲು ನೆನಪಾಗುವುದು ಅಂತರಗಂಗೆಯ ಬಸವನ ಬಾಯಿ. ಮೆಟ್ಟಿಲು ಹತ್ತಿ ಹೋದರೆ ಕಲ್ಲಿನ ಬಸವನ ಬಾಯಿಂದ ಕಲ್ಯಾಣಿಗೆ ವರ್ಷವಿಡೀ ಸಣ್ಣ ಧಾರೆ ಬೀಳುತ್ತಿರುತ್ತದೆ. ಅದನ್ನೇ ಬೊಗಸೆಯಲ್ಲಿ ಹಿಡಿದು ತಲೆ ಮೇಲೆ ಹಾಕಿಕೊಂಡು ದೊಡ್ಡವರಾದವರು ನಾವು. ನಮ್ಮ ದೊಡ್ಡಮ್ಮ ಮುಳಬಾಗಿಲು ಕಡೆಯ ಹಳ್ಳಿಯವರು, 68 ವರ್ಷ. ಅವರ ಹಿತ್ತಲ ಬಾವಿ ಬತ್ತಿ ಎಷ್ಟೋ ವರ್ಷವಾಗಿದೆ. ತಿರುಪತಿಗೆ ಹತ್ತಾರು ಸಲ ಹೋಗಿದ್ದಾರೆ, ಆದರೆ ಕಾವೇರಿಯನ್ನು ಒಮ್ಮೆಯೂ ನೋಡಿರಲಿಲ್ಲ. ಈ ಸಲ ಅವರನ್ನು, ಅಮ್ಮನನ್ನು, ನನ್ನ ಮಗಳನ್ನು ಕರೆದುಕೊಂಡು ಹೊಗೇನಕಲ್ ಜಲಪಾತಕ್ಕೆ ಹೋಗಿ ಬಂದೆ. ಅದರ ಬಗ್ಗೆ ಬರೆಯದೆ ಇರೋಕೆ ಆಗುತ್ತಿಲ್ಲ.

ನಮ್ಮೂರಿಂದ ಭಾನುವಾರಗಳಲ್ಲಿ ಟೆಂಪೋ ಟ್ರಾವೆಲರ್ ಮಾಡಿಕೊಂಡು ಒಂದು ದಿನದ ಟ್ರಿಪ್ ಕರೆದುಕೊಂಡು ಹೋಗುವವರಿದ್ದಾರೆ. ತಿಂಡಿ, ತೆಪ್ಪದ ಟಿಕೆಟ್, ಜೊತೆಗೊಬ್ಬ ಗೈಡ್, ಎಲ್ಲ ಸೇರಿ ಒಂದೇ ದುಡ್ಡು. ನಾನು ಮೊದಲು ಆಗಸ್ಟ್‌ನಲ್ಲಿ ಬೇರೆಯವರ ಹತ್ತಿರ ಬುಕ್ ಮಾಡಿದ್ದೆ. ಕೆಆರ್‌ಎಸ್, ಕಬಿನಿ ಎರಡೂ ತುಂಬಿ ನೀರು ಬಿಟ್ಟಿದ್ದರಿಂದ ತೆಪ್ಪ ನಿಲ್ಲಿಸಿದ್ದರು. ಟ್ರಿಪ್ ಇಲ್ಲ ಅಂತ ನಮಗೆ ಗೊತ್ತಾಗಿದ್ದು ಹಿಂದಿನ ರಾತ್ರಿ ಒಂಬತ್ತಕ್ಕೆ, ದುಡ್ಡು ವಾಪಸ್ ಬಂದಿದ್ದು ಒಂದೂವರೆ ತಿಂಗಳ ಮೇಲೆ. ಅದಕ್ಕೇ ಹೇಳುತ್ತೇನೆ, ಮಳೆಗಾಲದಲ್ಲಿ ಹೋಗುವುದಾದರೆ ತೆಪ್ಪ ಬಿಡುತ್ತಿದ್ದಾರಾ ಅಂತ ಕೇಳಿಕೊಂಡೇ ದುಡ್ಡು ಕಟ್ಟಿ. ಆ ತಿಂಗಳುಗಳಲ್ಲಿ ಅಲ್ಲಿಗೆ ಬರುವ ನೀರು ಒಮ್ಮೊಮ್ಮೆ ಲಕ್ಷ ಕ್ಯೂಸೆಕ್ ದಾಟುತ್ತದೆ, ಬಂಡೆಗಳೇ ಕಾಣುವುದಿಲ್ಲ. ಈ ಸಲ ನವೆಂಬರ್ ಕೊನೆಯಲ್ಲಿ ಹೋದೆವು.

ಬೆಳಗ್ಗೆ ಐದಕ್ಕೆ ಹೊರಟೆವು. ಮಾಲೂರು, ಹೊಸೂರು, ರಾಯಕೋಟೆ, ಪಾಲಕ್ಕೋಡು, ಪೆನ್ನಾಗರಂ. ಟೊಮೆಟೊ ವ್ಯಾಪಾರ ಗೊತ್ತಿರುವ ಕೋಲಾರದವರಿಗೆ ರಾಯಕೋಟೆ, ಪಾಲಕ್ಕೋಡು ಹೊಸ ಹೆಸರುಗಳಲ್ಲ, ಅಲ್ಲೂ ನಮ್ಮ ಮಂಡಿಯ ಹಾಗೇ ಕ್ರೇಟುಗಳ ರಾಶಿ. ಹೊಸೂರಿಗೆ ಮುಂಚೆ ದಕ್ಷಿಣ ಪಿನಾಕಿನಿ ದಾಟುವಾಗ ಗೈಡ್ ಕೈ ತೋರಿಸಿ, ಇದು ನಮ್ಮ ನಂದಿ ಬೆಟ್ಟದ ಕಡೆ ಹುಟ್ಟಿದ್ದು ಅಂದರು. ಅವರು ಬಂಗಾರಪೇಟೆ ಹುಡುಗ, ಕನ್ನಡ, ತೆಲುಗು, ತಮಿಳು ಮೂರನ್ನೂ ಒಂದೇ ಉಸಿರಲ್ಲಿ ಮಾತಾಡುತ್ತಾರೆ. ಪಿನಾಕಿನಿ ಒಂದೇ ಅಲ್ಲ, ಅರ್ಕಾವತಿ ಹುಟ್ಟುವುದೂ ನಂದಿ ಬೆಟ್ಟದಲ್ಲೇ, ಅದು ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಗೆ ಸೇರಿ, ಮೇಕೆದಾಟು ಹಾದು ಹೊಗೇನಕಲ್‌ಗೇ ಬರುತ್ತದೆ ಅಂತ ಹೇಳಿದರು. ಅಮ್ಮ ತಕ್ಷಣ, "ಹಂಗಾದ್ರೆ ನಮ್ಮ ನೀರೂ ಅಲ್ಲಿ ಐತೆ ಅಲ್ವಾ" ಅಂದರು. ಆ ಮಾತು ನನಗೆ ದಿನವೆಲ್ಲ ಕಾಡಿತು.

ಪೆನ್ನಾಗರಂ ದಾಟಿದ ಮೇಲೆ ಘಾಟಿ ಇಳಿಜಾರು. ಎರಡೂ ಕಡೆ ಕಾಡು, ರಸ್ತೆ ಪಕ್ಕ ಕೋತಿಗಳು. ಕಿಟಕಿ ತೆಗೆದರೆ ಗಾಳಿಯಲ್ಲೇ ತೇವ. ಬಸ್ಸಿಂದ ಇಳಿದು ನಡೆಯುವಾಗ ಮೊದಲು ಕೇಳಿಸಿದ್ದು ಸದ್ದು, ನೀರು ಆಮೇಲೆ ಕಂಡಿದ್ದು. ಬಂಡೆ ಸಂದಿಗಳಿಂದ ಬಿಳಿ ತುಂತುರು ಮೇಲೆದ್ದು ನಿಂತಿತ್ತು. ಹೊಗೆ ಬಿಡುವ ಕಲ್ಲು. ಜಾಗ ತಮಿಳುನಾಡಿನ ಧರ್ಮಪುರಿ ಜಿಲ್ಲೆಯದು, ಹೆಸರು ನಮ್ಮ ಕನ್ನಡದ್ದು, ಎದುರು ದಡವೇ ಕರ್ನಾಟಕ. ಗೈಡ್ ಅದನ್ನು ತೋರಿಸಿದ್ದೇ ತಡ ದೊಡ್ಡಮ್ಮ ಕೈ ಮುಗಿದರು, ದಡಕ್ಕೋ ನೀರಿಗೋ ಗೊತ್ತಾಗಲಿಲ್ಲ.

ಇಲ್ಲಿಂದ ಸ್ವಲ್ಪ ಮೇಲೆ ಬಿಳಿಗುಂಡ್ಲು. ಕಾವೇರಿ ಗಲಾಟೆ ಶುರುವಾದಾಗೆಲ್ಲ ಟಿವಿಯಲ್ಲಿ ಕೇಳುತ್ತೇವಲ್ಲ, ಅದೇ. ಕೇಂದ್ರ ಜಲ ಆಯೋಗದವರು ಕರ್ನಾಟಕದಿಂದ ಎಷ್ಟು ನೀರು ಹೋಯಿತು ಅಂತ ಅಳೆಯುವುದು ಅಲ್ಲಿ. ಸುಪ್ರೀಂ ಕೋರ್ಟ್ 2018ರಲ್ಲಿ ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ನೀರು ಬಿಡಬೇಕು ಅಂತ ಹೇಳಿದ್ದೂ ಆ ಜಾಗದ ಲೆಕ್ಕಕ್ಕೇ. ಇಷ್ಟು ವರ್ಷ ಬರೀ ಹೆಸರಾಗಿದ್ದ ಊರು ಒಂದು ತಿರುವಿನ ಆಚೆ ಇದೆ ಅಂದಾಗ ನಂಬುವುದಕ್ಕೇ ಆಗಲಿಲ್ಲ.

ಅವತ್ತು ಸುಮಾರು 8,000 ಕ್ಯೂಸೆಕ್ ಬರುತ್ತಿದೆ ಅಂದರು ಗೈಡ್. ನಾನು ಬಂಡೆ ಮೇಲೆ ಕೂತು ಮೊಬೈಲಿನಲ್ಲಿ ಲೆಕ್ಕ ಹಾಕಿದೆ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲೀಟರ್ ಚಿಲ್ಲರೆ. 8,000 ಅಂದರೆ ಸೆಕೆಂಡಿಗೆ ಎರಡು ಲಕ್ಷ ಲೀಟರಿಗೂ ಜಾಸ್ತಿ. ನಮ್ಮ ಬೀದಿಗೆ ಬರುವ ಟ್ಯಾಂಕರ್ 5,000 ಲೀಟರಿನದು. ಅಂದರೆ ಒಂದು ಸೆಕೆಂಡಿಗೆ 45 ಟ್ಯಾಂಕರ್! ಬೇಸಿಗೆಯಲ್ಲಿ ಒಂದೇ ಒಂದು ಟ್ಯಾಂಕರಿಗೆ ಫೋನ್ ಮಾಡಿ ಎರಡು ದಿನ ಕಾದು, ಸಂಪಿನ ಮುಚ್ಚಳ ತೆಗೆದು ಬಗ್ಗಿ ಬಗ್ಗಿ ನೋಡುವವರು ನಾವು. ಅಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ನಮ್ಮ ಇಡೀ ಬೀದಿಗೆ ತಿಂಗಳಿಗಾಗುವ ನೀರು ಹರಿದು ಹೋಗುತ್ತಿತ್ತು. ಅಮ್ಮನಿಗೆ ಲೆಕ್ಕ ಹೇಳಿದೆ. ಅವರು ಏನೂ ಮಾತಾಡಲಿಲ್ಲ, ನೀರನ್ನೇ ನೋಡುತ್ತಾ ಕೂತರು.

ಇನ್ನು ತೆಪ್ಪ. ನಾವು ತೆಪ್ಪ, ಹರಿಗೋಲು ಅಂತೀವಿ, ಅಲ್ಲಿನವರು ಪರಿಸಲ್ ಅಂತಾರೆ. ಕೌಂಟರಿನಲ್ಲಿ ಟಿಕೆಟ್, ಲೈಫ್ ಜಾಕೆಟ್, ಭಾನುವಾರವಾದ್ದರಿಂದ ಒಂದೂವರೆ ಗಂಟೆ ಕ್ಯೂ. ಕಾಯುವಾಗ ಹತ್ತಿರದಿಂದ ನೋಡಿದೆ. ಬಿದಿರು ಸೀಳಿ ಮೊರದ ಹಾಗೆ ಹೆಣೆದಿರುತ್ತಾರೆ, ಅಂಚಿಗೆ ದಪ್ಪ ಬಿದಿರಿನ ಸುತ್ತು, ತಳಕ್ಕೆ ಪ್ಲಾಸ್ಟಿಕ್ ಚೀಲದ ಹೊದಿಕೆ, ಅದರ ಮೇಲೆ ಟಾರು. ಹಿಂದೆ ಚರ್ಮ ಹೊದಿಸುತ್ತಿದ್ದರಂತೆ. ಬಿಸಿಲಿಗೆ ಟಾರು ವಾಸನೆ ಹೊಡೆಯುತ್ತಿತ್ತು. ತೆಪ್ಪದವರು ಅದನ್ನು ಬೋರಲು ಮಾಡಿ ತಲೆ ಮೇಲೆ ಹೊತ್ತು ಬಂಡೆ ಮೇಲೆ ನಡೆದು ಬರುವಾಗ ಬರೀ ಎರಡು ಕಾಲು ಕಾಣುತ್ತವೆ. ಮಗಳು ಅದನ್ನು ನೋಡಿ, "ಅಮ್ಮಾ, ಆಮೆ ಎದ್ದು ನಡೀತಿದೆ" ಅಂದಳು.

ದೊಡ್ಡಮ್ಮ ಹತ್ತಲ್ಲ ಅಂತ ಹಟ ಹಿಡಿದರು. "ಮಂಕರಿ ಇದ್ದಂಗೈತೆ, ಇದರಾಗೆ ಕೂತ್ಕೊಂಡು ನದಿಗೆ ಹೋಗ್ತಾರಾ?" ತೆಪ್ಪದ ಅಣ್ಣನಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು. "ಅಜ್ಜಿ, ನಮ್ಮಪ್ಪ, ನಮ್ಮ ತಾತ ಎಲ್ಲ ಇದೇ ಮಂಕರೀಲಿ ಬದುಕಿದವರು, ಬನ್ನಿ" ಅಂತ ಕೈ ಕೊಟ್ಟರು. ಹತ್ತಿದರು. ನಾಲ್ಕು ಜನ ಎದುರುಬದುರು ಕೂತೆವು, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ. ನೀರು ನಮ್ಮ ಸೊಂಟದ ಮಟ್ಟಕ್ಕಿತ್ತು, ಕೈ ಚಾಚಿದರೆ ಸಿಗುತ್ತದೆ. ತೆಪ್ಪಕ್ಕೆ ಹಿಂದು ಮುಂದು ಅಂತ ಇಲ್ಲ. ಒಂದೇ ಹುಟ್ಟು. ಅವರು ಅದನ್ನು ಎದುರಿನ ನೀರಿಗೆ ಹಾಕಿ ತಮ್ಮ ಕಡೆ ಎಳೆದುಕೊಳ್ಳುತ್ತಾರೆ, ಒಂದು ಸಲ ಬಲಕ್ಕೆ ಒಂದು ಸಲ ಎಡಕ್ಕೆ, ಸ್ವಲ್ಪ ತಪ್ಪಿದರೂ ತೆಪ್ಪ ಗಿರ್ರನೆ ತಿರುಗುತ್ತದೆ. ಮಣಿಕಟ್ಟಿನಲ್ಲೇ ಎಲ್ಲ ಲೆಕ್ಕ. ಬಂಡೆ ಇನ್ನೇನು ತಾಗಿತು ಅನ್ನುವಾಗ ಹುಟ್ಟಿನ ತುದಿಯಿಂದ ಅದನ್ನು ಮೆಲ್ಲಗೆ ಒತ್ತಿ ದೂರ ಸರಿಸುತ್ತಿದ್ದರು, ಮನೆ ಬಾಗಿಲು ಮುಂದಕ್ಕೆ ಹಾಕಿದಷ್ಟು ಸುಲಭವಾಗಿ.

ಎರಡೂ ಕಡೆ ಕಲ್ಲಿನ ಗೋಡೆ ಏಳುತ್ತಾ ಹೋಯಿತು. ಒಳಗೆ ಹೋದ ಹಾಗೆ ಸದ್ದು ಕಡಿಮೆಯಾಗಿ ನೀರು ಹಸಿರಾಯಿತು. ಅಲ್ಲಿ ಇನ್ನೊಂದು ತೆಪ್ಪದಲ್ಲಿ ಒಬ್ಬರು ಚಿಪ್ಸ್, ಕೂಲ್ ಡ್ರಿಂಕ್ಸ್ ಇಟ್ಟುಕೊಂಡು ತೇಲುತ್ತಾ ಮಾರುತ್ತಿದ್ದರು. ನಾವು ತೆಗೆದುಕೊಂಡೆವು, ಆದರೆ ಖಾಲಿ ಪೊಟ್ಟಣ ಬ್ಯಾಗಿಗೇ ಹಾಕಿಕೊಂಡು ಬಂದೆವು. ದಯವಿಟ್ಟು ನೀವೂ ಹಾಗೇ ಮಾಡಿ. ಬಂಡೆ ಸಂದಿಯಲ್ಲಿ ಸಿಕ್ಕಿಕೊಂಡ ಬಾಟಲಿಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಇಷ್ಟು ನೀರಿಗೆ ನಾವು ಕೊಡೋದು ಇದಾ?

ಜಲಪಾತದ ಕೆಳಗೆ ಹೋದಾಗ ಮಾತ್ರ ಎಲ್ಲರೂ ಸುಮ್ಮನಾದೆವು. ಒಂದಲ್ಲ, ಸಾಲಾಗಿ ಎಷ್ಟೋ ಧಾರೆ, ಒಂದೊಂದು ಬಂಡೆಯ ನಡುವಿಂದ ಒಂದೊಂದು. ತುಂತುರು ಮುಖಕ್ಕೆ ಹೊಡೆದು ಕಣ್ಣು ಬಿಡೋಕಾಗುತ್ತಿರಲಿಲ್ಲ. ಮಗಳು ಬಾಯಿ ತೆರೆದುಕೊಂಡು ಕೂತಿದ್ದಳು. ವಾಪಸ್ ಬರುವಾಗ ಅವಳು ಬೇಡಿಕೊಂಡಿದ್ದಕ್ಕೆ ನಿಂತ ನೀರಿನಲ್ಲಿ ತೆಪ್ಪದ ಅಣ್ಣ ಒಂದು ಸಲ ಗಿರಗಿರ ತಿರುಗಿಸಿದರು. ಹತ್ತಲ್ಲ ಅಂದಿದ್ದ ದೊಡ್ಡಮ್ಮನೇ, "ಇನ್ನೊಂದು ಸಲ ತಿರುಗಿಸಪ್ಪ" ಅಂದರು.

ಒಂದು ಮಾತು. ಜಾಕೆಟ್ಟನ್ನು ಸುಮ್ನೆ ಹೆಗಲಿಗೆ ಹಾಕಿಕೊಂಡರೆ ಆಗಲ್ಲ, ಪಟ್ಟಿ ಬಿಗಿಯಾಗಿ ಕಟ್ಟಿಕೊಳ್ಳಿ. ಸೆಲ್ಫಿಗೆ ಅಂತ ತೆಪ್ಪದಲ್ಲಿ ಎದ್ದು ನಿಲ್ಲಬೇಡಿ. ಅಲ್ಲಿ ಜೀವ ಹೋಗಿರುವುದು ನಿಜ, ನೀರು ಮೇಲೆ ಶಾಂತವಾಗಿ ಕಂಡರೂ ಕೆಳಗೆ ಸೆಳೆತ ಇರುತ್ತದೆ.

ಸ್ನಾನಕ್ಕೆ ಅಂತಲೇ ಒಂದು ಕಡೆ ಧಾರೆ ಬೀಳುವಲ್ಲಿ ಕಂಬಿ ಹಾಕಿದ್ದಾರೆ, ಹೆಂಗಸರಿಗೆ ಬೇರೆ. ದಾರಿಯುದ್ದಕ್ಕೂ ಎಣ್ಣೆ ಬಾಟಲಿ ಹಿಡಿದು ಮಾಲೀಶಿಗೆ ಕರೆಯುವವರು. ನಮ್ಮ ಬಸ್ಸಿನ ಗಂಡಸರು ಅರ್ಧ ಜನ ಅಲ್ಲೇ ಮಲಗಿದರು. ದೊಡ್ಡಮ್ಮ ನೀರಿಗೆ ಇಳಿಯಲ್ಲ ಅಂತ ಮನೆಯಲ್ಲೇ ಹೇಳಿ ಒಂದು ಸೀರೆಯನ್ನೂ ಜಾಸ್ತಿ ತಂದಿರಲಿಲ್ಲ. ಅಮ್ಮ ಮತ್ತು ನಾನು ಕಂಬಿ ಹಿಡಿದು ನಿಂತೆವು. ಹೆಗಲ ಮೇಲೆ ಯಾರೋ ಗುದ್ದಿದ ಹಾಗೆ ನೀರು ಬೀಳುತ್ತದೆ, ಉಸಿರು ಒಂದು ಕ್ಷಣ ನಿಲ್ಲುತ್ತದೆ, ಆಮೇಲೆ ಮೈಯೆಲ್ಲ ಹಗುರ. ಕಣ್ಣು ಬಿಟ್ಟು ನೋಡಿದರೆ ಪಕ್ಕದಲ್ಲಿ ದೊಡ್ಡಮ್ಮ! ಉಟ್ಟ ಸೀರೆಯಲ್ಲೇ ಬಂದು ನಿಂತಿದ್ದರು. ತಲೆಯ ಹೂವೆಲ್ಲ ಕೊಚ್ಚಿಕೊಂಡು ಹೋಗಿತ್ತು. ಎರಡೂ ಕೈ ಬೊಗಸೆ ಮಾಡಿ ಹಿಡಿದಿದ್ದರು, ಅಂತರಗಂಗೆಯಲ್ಲಿ ಹಿಡಿಯುವ ಹಾಗೇ. ಬೊಗಸೆಯಲ್ಲಿ ಒಂದು ಹನಿಯೂ ನಿಲ್ಲುತ್ತಿರಲಿಲ್ಲ, ಅಷ್ಟು ರಭಸ. ಆದರೂ ಅವರು ಕೈ ಇಳಿಸಲಿಲ್ಲ. ನಾನು ಅತ್ತೆ, ನೀರಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಆಮೇಲೆ ಬಿಸಿ ಬಂಡೆ ಮೇಲೆ ಅವರನ್ನು ಕೂರಿಸಿ, ಅಮ್ಮ ಒಂದು ತುದಿ ನಾನು ಒಂದು ತುದಿ ಸೆರಗು ಹಿಡಿದು ಬಿಸಿಲಿಗೆ ಒಣಗಿಸಿದೆವು.

ಊಟಕ್ಕೆ ಮೀನು. ದಡದಲ್ಲಿ ಹೆಂಗಸರು ಒಲೆ ಹಾಕಿಕೊಂಡು ಕಾವಲಿ ಮೇಲೆ ಕೆಂಪು ಮಸಾಲೆ ಹಚ್ಚಿದ ಮೀನು ಕರಿಯುತ್ತಿರುತ್ತಾರೆ. ನೀವೇ ಮೀನು ಕೊಂಡು ಕೊಟ್ಟರೆ ಹುರಿದೂ ಕೊಡುತ್ತಾರೆ, ಸಾರೂ ಮಾಡಿ ಕೊಡುತ್ತಾರೆ. ಸಾರಿನ ಜೊತೆ ಮುದ್ದೆ ಇದ್ದಿದ್ದರೆ ಬೇರೆ ಏನೂ ಬೇಕಿರಲಿಲ್ಲ.

ತಿನ್ನುತ್ತಾ ಕೂತಾಗ ಗೈಡ್ ಹೊಗೇನಕಲ್ ಕುಡಿಯುವ ನೀರಿನ ಯೋಜನೆ ಬಗ್ಗೆ ಹೇಳಿದರು. ಧರ್ಮಪುರಿ, ಕೃಷ್ಣಗಿರಿ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಅದಕ್ಕೆ ಇಲ್ಲಿಂದ ಪೈಪಿನಲ್ಲಿ ನೀರು ಕೊಡುತ್ತಾರೆ, 2013ರಲ್ಲಿ ಶುರುವಾಯಿತು. ನಮ್ಮಲ್ಲೂ ಅದೇ ಕಥೆ ಅಲ್ವಾ? ಸಾವಿರ ಅಡಿ ದಾಟಿ ಕೊರೆದು ತೆಗೆದ ನೀರು, ಹಲ್ಲೆಲ್ಲ ಕಂದು ಬಣ್ಣವಾದ ಮಕ್ಕಳು, ನಲವತ್ತಕ್ಕೇ ಮಂಡಿ ಹಿಡಿದುಕೊಂಡು ಏಳುವ ಜನ. ನಮಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆರೆಗೆ ಬಿಡುತ್ತಿದ್ದಾರೆ. ಒಣಗಿದ ಕೆರೆಗಳು ತುಂಬಿದ್ದು ನಿಜ, ನೋಡಿದರೆ ಕಣ್ಣು ತಣ್ಣಗಾಗುತ್ತದೆ. ಆದರೆ ಆ ನೀರನ್ನು ನಮ್ಮೂರಲ್ಲಿ ಯಾರೂ ಬೊಗಸೆಯಲ್ಲಿ ಹಿಡಿದು ಕುಡಿಯುವುದಿಲ್ಲ. ಗಡಿಯ ಆಚೆ ಊರಿನವರಿಗೆ ಸಿಕ್ಕಿದ್ದು ಸಿಗಲಿ, ಅವರೂ ನಮ್ಮ ಹಾಗೇ ಕಷ್ಟಪಟ್ಟವರು. ನಮ್ಮ ಮಕ್ಕಳಿಗೂ ಒಂದು ಲೋಟ ಒಳ್ಳೆ ನೀರು ಸಿಗಬೇಕು, ಅಷ್ಟೇ ನಾನು ಕೇಳುವುದು.

ನಾಲ್ಕಕ್ಕೆ ಹೊರಟೆವು. ಸಂಜೆ ಘಾಟಿ ಹತ್ತುವಾಗ ಅರ್ಧ ಬಸ್ಸು ನಿದ್ದೆಯಲ್ಲಿತ್ತು. ದೊಡ್ಡಮ್ಮ ತಂದಿದ್ದ ನೀರಿನ ಬಾಟಲಿ ಖಾಲಿ ಮಾಡಿ ಅದರ ತುಂಬ ಕಾವೇರಿ ತುಂಬಿಕೊಂಡಿದ್ದರು, ಕೋಲಾರದವರೆಗೂ ಮಡಿಲಿಂದ ಕೆಳಗಿಡಲಿಲ್ಲ.

ಇವತ್ತು ಬೆಳಗ್ಗೆ ಫೋನ್ ಮಾಡಿದ್ದರು. ನೆಗಡಿ ಏನಾದರೂ ಆಯಿತಾ ಅಂತ ಕೇಳಿದೆ. ಅದಕ್ಕೆ ಉತ್ತರವೇ ಇಲ್ಲ. "ಮುಂದಿನ ಸಲ ಎರಡು ಸೀರೆ ಇಟ್ಕೊತೀನಿ, ಯಾವಾಗ ಹೋಗೋದು ಹೇಳು" ಅಂದರು.