ಸಗಣಿ, ಕುಂಕುಮ, ಡಾಂಬರು ಡ್ರಮ್ಮು ಕಲಿಸಿದ ಮೇಷ್ಟ್ರು

ನಮ್ಮ ಶಿಲ್ಪ ವಿಭಾಗದ ಮೇಷ್ಟ್ರು ತೀರಿಕೊಂಡ ಮೇಲೆ ಹಳೆಯ ವಿದ್ಯಾರ್ಥಿಗಳು ಕಲಾಶಾಲೆಯ ಅಂಗಳದಲ್ಲಿ ಸೇರಿದ್ದೆವು. ಯಾರಿಂದ ಶುರುವಾದರೂ ಮಾತು ಸುತ್ತಿ ಬಂದು ನಿಲ್ಲುತ್ತಿದ್ದದ್ದು ಶೀಲಾ ಗೌಡರ ಕೃತಿಗಳಲ್ಲಿ. ಕಲಾ ಇತಿಹಾಸದ ನೋಟ್ಸಾಗಲಿ ಪರ್ಸ್‌ಪೆಕ್ಟಿವ್ ಪಾಠವಾಗಲಿ ಯಾರ ತಲೆಯಲ್ಲೂ ಉಳಿದಿಲ್ಲ. ಆ ಕಲಾವಿದೆಯ ಕೃತಿಯ ಫೋಟೋ ಒಂದನ್ನು ಗೋಡೆಗೆ ಅಂಟಿಸಿ, “ಇದು ಏತರದ್ದು? ಹೇಗೆ ನಿಂತಿದೆ? ಎಲ್ಲಿ ಮೊದಲು ಹಾಳಾಗುತ್ತೆ?” ಎಂದು ಮೇಷ್ಟ್ರು ಕೇಳುತ್ತಿದ್ದ ಮೂರು ಪ್ರಶ್ನೆಗಳು ಮಾತ್ರ ಎಲ್ಲರಿಗೂ ಬಾಯಿಪಾಠ.

ಶೀಲಾ ಗೌಡ ಹುಟ್ಟಿದ್ದು 1957ರಲ್ಲಿ, ಭದ್ರಾವತಿಯಲ್ಲಿ. ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಆರ್.ಎಂ. ಹಡಪದರ ಕೈಕೆಳಗೆ ಕಲಿತು, ಶಾಂತಿನಿಕೇತನಕ್ಕೆ ಹೋಗಿ, 1986ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಎಂ.ಎ. ಮುಗಿಸಿದರು. ಈ ಮೂರೂ ಕಡೆ ಅವರು ಚಿತ್ರಕಲೆಯ ವಿದ್ಯಾರ್ಥಿ. ಕ್ಯಾನ್ವಾಸು ಬಿಟ್ಟು ಸಗಣಿ ಹಿಡಿದದ್ದು 1992ರ ಸುಮಾರಿಗೆ, ದೇಶದಲ್ಲಿ ಕೋಮುಗಲಭೆಯ ಬೆಂಕಿ ಹತ್ತಿದ್ದ ಹೊತ್ತಿನಲ್ಲಿ. ಪೂಜೆಗೂ ಬೇಕು, ಒಲೆಗೂ ಬೇಕು, ಮನೆ ಸಾರಿಸಲೂ ಬೇಕು ಎನ್ನುವ ಆ ವಸ್ತುವಿನಲ್ಲಿ, ಬಣ್ಣ ಹೇಳಲಾಗದ್ದನ್ನು ಹೇಳುವ ಶಕ್ತಿಯನ್ನು ಅವರು ಕಂಡರು.

ಮೇಷ್ಟ್ರು ಇಷ್ಟನ್ನು ಎರಡೇ ಮಾತಲ್ಲಿ ಮುಗಿಸಿ, ನೇರವಾಗಿ ಬುಟ್ಟಿ ಸಗಣಿ ತರಿಸುತ್ತಿದ್ದರು. ಹುಲ್ಲು ತಿನ್ನುವ ಹಸುವಿನದೇ ಆಗಬೇಕು. ಹಿಂಡಿ, ಬೂಸಾ ಹೆಚ್ಚು ತಿಂದ ಡೇರಿ ಹಸುವಿನ ಸಗಣಿಯಲ್ಲಿ ನಾರು ಸಾಲದು, ಒಣಗಿದಾಗ ಪುಡಿಯಾಗುತ್ತದೆ. ತೀರಾ ಹಸಿಯಿದ್ದಾಗ ಅಚ್ಚಿಗೆ ಹಾಕಿದರೆ ನೀರು ಆರುತ್ತಾ ಕುಗ್ಗಿ ನಡುವೆ ಸೀಳುತ್ತದೆ. ಗೋಣಿಯ ಮೇಲೆ ಹರಡಿ ಒಂದು ಹಗಲು ನೆರಳಲ್ಲಿಟ್ಟು, ನಾದಿ, ಒಂದಂಗುಲಕ್ಕಿಂತ ದಪ್ಪವಾಗದಂತೆ ತಟ್ಟಬೇಕು. ಬಿಸಿಲಿಗಿಟ್ಟರೆ ಮೇಲ್ಮೈ ಮೊದಲು ಬಿಗಿದು ಒಳಗೆ ಹಸಿ ಉಳಿಯುತ್ತದೆ, ನಾಲ್ಕನೆಯ ದಿನ ಬೂಷ್ಟು. ಹುಳ ಬರದಿರಲೆಂದು ನಾದುವಾಗ ಬೇವಿನೆಣ್ಣೆ ಹಾಕಿಸುತ್ತಿದ್ದರು, ಸ್ವಲ್ಪವೇ. ಹೆಚ್ಚಾದರೆ ಸಗಣಿ ಒಂದಕ್ಕೊಂದು ಹಿಡಿಯುವುದಿಲ್ಲ.

‘ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್’ ಕೃತಿಯ ಪಾಠಕ್ಕೆ ವಾರವೆಲ್ಲ ಹಿಡಿಯುತ್ತಿತ್ತು. 1998ರಿಂದ ಹಲವು ರೂಪಗಳಲ್ಲಿ ಕಾಣಿಸಿಕೊಂಡ ಕೃತಿ ಅದು; 2003ರಲ್ಲಿ ಅಮೆರಿಕದ ವಾಕರ್ ಆರ್ಟ್ ಸೆಂಟರಿನ ಪ್ರದರ್ಶನದಲ್ಲಿ ಶೀಲಾ ಗೌಡರ ಹೆಸರು ಹೊರಗಿನವರ ಕಿವಿಗೂ ಬಿತ್ತು. ನೋಡಲು ಕೆಂಪು ಹಗ್ಗ, ನೆಲದ ಮೇಲೆ, ಗೋಡೆಯ ಮೇಲೆ ಹರಿದಾಡುತ್ತದೆ. ಹತ್ತಿರ ಹೋದರೆ ತುದಿಯಲ್ಲಿ ಗೊಂಚಲು ಸೂಜಿ. ಪ್ರತಿಯೊಂದು ಸೂಜಿಯ ಕಣ್ಣಿನಲ್ಲೂ ಉದ್ದನೆಯ ದಾರವನ್ನು ನಟ್ಟನಡುವಿನ ತನಕ ಎಳೆದು, ಹಾಗೆ ಎರಡಾದ ಎಳೆಗಳನ್ನೆಲ್ಲ ಸೇರಿಸಿ, ಗೋಂದು ಕಲಸಿದ ಕುಂಕುಮದಲ್ಲಿ ಹಗ್ಗವಾಗಿಸಿದ್ದು. ಮಸಾಲೆ, ಬಟ್ಟೆ, ಮನೆಯೊಳಗಿನ ಹೆಣ್ಣಿನ ದುಡಿಮೆ, ರಕ್ತ ಎಲ್ಲವೂ ಅದರಲ್ಲಿದೆ. ಅದಿರುವುದು ದಾರ ಎಳೆದ ಆ ಹೊತ್ತುಗಳಲ್ಲೇ ಹೊರತು ಪಕ್ಕದಲ್ಲಿ ಅಂಟಿಸಿದ ಚೀಟಿಯಲ್ಲಲ್ಲ.

ತರಗತಿಯಲ್ಲಿ ಹದಿನೈದು ಸೂಜಿ, ಹತ್ತು ಮೀಟರಿನ ದಾರ. ಅಷ್ಟಕ್ಕೇ ತೊಡಕು ಶುರು. ವೇಗವಾಗಿ ಎಳೆದರೆ ಸೂಜಿಯ ಕಣ್ಣಿನ ಅಂಚಿಗೆ ಉಜ್ಜಿ ದಾರ ನವೆದು ನಾರೇಳುತ್ತದೆ. ಮೇಣ ಸವರಿದರೆ ಸಲೀಸು, ಆದರೆ ಮೇಣದ ಮೇಲೆ ಗೋಂದು ಕೂರುವುದಿಲ್ಲ. ಹಾಗಾಗಿ ನಿಧಾನವಾಗಿ, ಒಬ್ಬರು ಹಿಡಿದು ಒಬ್ಬರು ನಡೆದು ಎಳೆಯಬೇಕು. ಗೋಂದು ನೀರಾದರೆ ಕುಂಕುಮ ಸೋರಿ ನೆಲ ಕೆಂಪು, ಗಟ್ಟಿಯಾದರೆ ಹಗ್ಗ ಬಾಗದೆ ಮುರಿಯುತ್ತದೆ. ಆರುವ ಮುನ್ನ ತೂಗುಹಾಕಿದರೆ ಒದ್ದೆಯ ಭಾರಕ್ಕೆ ಜೋತು ಕೆಳಗಡೆ ದಪ್ಪ, ಮೇಲುಗಡೆ ಸಣಕಲು. ಸೂಜಿಗೆ ಪಸೆ ತಾಗಿದರೆ ತುಕ್ಕು. ಅರಿಸಿನಕ್ಕೆ ಸುಣ್ಣ ಬೆರೆಸಿ ಮಾಡಿದ ಕುಂಕುಮ ಬೆಳಕಿಗೆ ಮಾಸುತ್ತದೆ, ಕಿಟಕಿಯ ಎದುರು ಇಡಬಾರದು. ಯಾರಾದರೂ ಕೃತಿಯ ಅರ್ಥ ಹೇಳಹೊರಟರೆ ಮೇಷ್ಟ್ರು ತಡೆಯುತ್ತಿದ್ದರು: “ಅರ್ಥ ಆಮೇಲೆ ಹೇಳೀರಂತೆ ಕಣ್ರಪ್ಪಾ. ಮೊದಲು ಹಗ್ಗ ಯಾಕೆ ಜೋಲ್ತಾ ಇದೆ ಹೇಳಿ.”

ತುಂಟತನದ ಮಾತು ಬಂದರೆ ಊದುಬತ್ತಿಯ ಪ್ರಸಂಗ ಬರಲೇಬೇಕು. ಶಿಲ್ಪ ವಿಭಾಗದ ಕೆಲವರು ಎರಡು ಪಾಲು ಇದ್ದಿಲ ಪುಡಿ, ಒಂದು ಪಾಲು ಮರದ ಪುಡಿ, ಒಂದು ಪಾಲು ಜಿಗಟು, ಅದರೊಳಗೆ ಒಂದು ಹಿಡಿ ಬ್ಯಾಡಗಿ ಮೆಣಸಿನ ಪುಡಿ ಕಲಸಿ ಕಡ್ಡಿ ಹೊಸೆದು, ಮಧ್ಯಾಹ್ನದ ಇತಿಹಾಸದ ತರಗತಿಯಲ್ಲಿ ಬಾಗಿಲ ಹಿಂದೆ ಹಚ್ಚಿಟ್ಟರು. ಕೆಮ್ಮು ಸೀನು ತಡೆಯಲಾರದೆ ತರಗತಿ ಖಾಲಿಯಾಯಿತು. ಪ್ರಿನ್ಸಿಪಾಲರು ಹುಡುಗರನ್ನು ನಮ್ಮ ಮೇಷ್ಟ್ರಿಗೊಪ್ಪಿಸಿದರು. ಅವರು ಬೈಯಲಿಲ್ಲ, ಉಳಿದ ಕಡ್ಡಿಗಳನ್ನು ತರಿಸಿ ಒಂದೊಂದನ್ನೇ ಹಚ್ಚಿಸಿದರು. ಅರ್ಧದಷ್ಟು ನಡುವೆಯೇ ಆರಿದವು. ಕಡ್ಡಿಗೆ ಅಂಟಲೆಂದು ಆಮೇಲಾಮೇಲೆ ಜಿಗಟು ಹೆಚ್ಚಿಸಿದ್ದರು. ಅದು ಬಿಗಿದು ಕೂತರೆ ಒಳಗೆ ಗಾಳಿಯಾಡದು. ಕಡಿಮೆಯಾದರೆ ಬಿರುಕುಬಿಟ್ಟು ಉದುರುತ್ತದೆ. ಎಂಟಿಂಚಿನ ಕಡ್ಡಿ ಅರ್ಧ ಗಂಟೆ ಮೀರಿ ಉರಿದು, ಬೂದಿ ಮುರಿಯದೆ ನಿಲ್ಲುವ ತನಕ ಹೊಸೆಯುವುದೇ ಶಿಕ್ಷೆ.

ಮುಂದೆ 2007ರಲ್ಲಿ ಜರ್ಮನಿಯ ಕಾಸೆಲ್‌ನ ಡಾಕ್ಯುಮೆಂಟಾ 12 ಕಲಾ ಪ್ರದರ್ಶನದಲ್ಲಿ ಶೀಲಾ ಗೌಡರ ‘ಕೊಲ್ಯಾಟರಲ್’ ಬಂತು. ಊದುಬತ್ತಿಯ ಕಲಸನ್ನು ಜಾಲರಿಯ ಚೌಕಟ್ಟುಗಳ ಮೇಲೆ ಹರಡಿ ಉರಿಸಿ, ಉಳಿದ ಬೂದಿಯ ಆಕಾರವನ್ನೇ ನೋಡುಗರ ಮುಂದಿಟ್ಟದ್ದು. ನಮ್ಮ ಬ್ಯಾಚಿಗೆ ಅದನ್ನು ವಿವರಿಸಿ ಹೇಳಬೇಕಾಗಲಿಲ್ಲ. ಜಾಲರಿ ಯಾಕೆ ಎಂಬುದು ಕೈಗೇ ಗೊತ್ತಿತ್ತು. ಕೆಳಗಿನಿಂದಲೂ ಗಾಳಿ ಸಿಕ್ಕರೆ ಕೆಂಡ ಕೊನೆತನಕ ಸಮನಾಗಿ ಸಾಗುತ್ತದೆ. ಈ ಹೆಮ್ಮೆ ನಮಗೆ ಇಂದಿಗೂ ಇದೆ.

ಡ್ರಮ್ಮಿನ ಕೆಲಸ ಎಲ್ಲಕ್ಕಿಂತ ಕಷ್ಟದ್ದು. ರಸ್ತೆ ಕೆಲಸದವರು ಖಾಲಿ ಡಾಂಬರು ಡ್ರಮ್ಮುಗಳನ್ನು ಚಪ್ಪಟೆ ಮಾಡಿ ಗುಡಿಸಲು ಕಟ್ಟಿಕೊಳ್ಳುತ್ತಿದ್ದರಲ್ಲ, ಅದೇ ತಗಡು, ಅದೇ ಡ್ರಮ್ಮು ಶೀಲಾ ಗೌಡರ 2006ರ ‘ಡಾರ್ಕ್‌ರೂಮ್’ನಲ್ಲಿ ಕಂಬವೂ ಗೋಡೆಯೂ ಆದವು. ತಲೆ ಬಗ್ಗಿಸಿ ಒಳಹೊಕ್ಕರೆ ಚಾವಣಿಯ ತೂತುಗಳಿಂದ ಬೆಳಕು ನಕ್ಷತ್ರಗಳಾಗಿ ಸುರಿಯುತ್ತದೆ. 2008ರ ‘ಕಾಗೆಬಂಗಾರ’ದಲ್ಲಿ ತಗಡಿನ ಜೊತೆ ಟಾರ್ಪಾಲು, ಅಭ್ರಕ ಸೇರಿದವು. ಇನ್ನೂರು ಲೀಟರಿನ ಡ್ರಮ್ಮು ಬಿಚ್ಚಿದರೆ ಸುಮಾರು ಆರಡಿ ಉದ್ದ, ಮೂರಡಿಗೆ ತುಸು ಕಡಿಮೆ ಅಗಲದ ತಗಡು ಸಿಗುತ್ತದೆ. ಉಳಿ ಸುತ್ತಿಗೆಯಿಂದ ಮೊದಲು ತಲೆ, ಬುಡ ಕತ್ತರಿಸಿ, ಆಮೇಲೆ ಬೆಸುಗೆಯ ಗೆರೆಗುಂಟ ಸೀಳಬೇಕು. ಗ್ಯಾಸ್ ಕಟರ್ ಹಿಡಿದರೆ ಒಳಗಂಟಿದ ಡಾಂಬರಿಗೆ ಬೆಂಕಿ ಹತ್ತುತ್ತದೆ. ಬೆಳಗಿನ ಚಳಿಯಲ್ಲೇ ಕೆಲಸ, ಆಗ ಡಾಂಬರು ಗಾಜಿನಂತೆ ಚಕ್ಕೆಯೇಳುತ್ತದೆ. ಮಧ್ಯಾಹ್ನ ಉಳಿಗೆ ಮೆತ್ತಿಕೊಳ್ಳುತ್ತದೆ. ಡ್ರಮ್ಮಿನ ನಡುವಿನ ಉಬ್ಬುಪಟ್ಟಿಗಳನ್ನು ಪೂರ್ತಿ ಬಡಿದು ಮಟ್ಟಮಾಡಬಾರದು, ತಗಡು ಬಾಗದೆ ನಿಲ್ಲುವುದು ಅವುಗಳಿಂದಲೇ.

2009ರ ವೆನಿಸ್ ಬಿನಾಲೆ ಕಲಾ ಪ್ರದರ್ಶನದಲ್ಲಿ ಶೀಲಾ ಗೌಡರ ‘ಬಿಹೋಲ್ಡ್’ ಕಂಡಾಗ ಮೇಷ್ಟ್ರು ನಿವೃತ್ತರಾಗಿದ್ದರು. ಮುಡಿ ಕೊಟ್ಟ ಕೂದಲಲ್ಲಿ ಉದ್ದನೆಯದು ವಿಗ್ಗಿಗೆ ಹೋಗುತ್ತದೆ, ತುಂಡು ಕೂದಲು ಹಗ್ಗವಾಗಿ ಲಾರಿ, ಕಾರಿನ ಬಂಪರಿಗೆ ದೃಷ್ಟಿಯಾಗದಿರಲೆಂದು ಕಟ್ಟಿಸಿಕೊಳ್ಳುತ್ತದೆ. ಅಂಥ ಹಗ್ಗ ಸುಮಾರು ನಾಲ್ಕು ಸಾವಿರ ಮೀಟರು, ಇಪ್ಪತ್ತರಷ್ಟು ಉಕ್ಕಿನ ಬಂಪರುಗಳನ್ನು ತೂಗಿ ಹಿಡಿದಿದೆ. ಈಗ ಅದು ಲಂಡನ್ನಿನ ಟೇಟ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ. 2019ರಲ್ಲಿ ಶೀಲಾ ಗೌಡರಿಗೆ ಮರಿಯಾ ಲಾಸ್‌ನಿಗ್ ಕಲಾ ಪ್ರಶಸ್ತಿ ಬಂತು, ಅದೇ ವರ್ಷ ಮಿಲಾನಿನ ಹ್ಯಾಂಗರ್‌ಬಿಕೊಕಾ ಕಲಾಕೇಂದ್ರದಲ್ಲಿ ದೊಡ್ಡ ಪ್ರದರ್ಶನ, ಮರುವರ್ಷ ಮ್ಯೂನಿಕ್‌ನಲ್ಲಿ.

ಇಂದಿನ ಕಲಾಶಾಲೆಗಳಲ್ಲಿ ಮೊದಲ ಸೆಮಿಸ್ಟರಿನಲ್ಲೇ ಕಾನ್ಸೆಪ್ಟ್ ನೋಟ್ ಬರೆಸುತ್ತಾರೆ. ಕಂಪ್ಯೂಟರಿನಲ್ಲಿ ಚಿತ್ರ ಸಿದ್ಧ, ಲೇಸರ್ ಕಟಿಂಗ್ ಅಂಗಡಿಗೆ ಆರ್ಡರು, ಪ್ರದರ್ಶನದ ಹಿಂದಿನ ಸಂಜೆ ತಗಡು ಬಾಗಿದಾಗ ಯಾಕೆಂದು ಹೇಳುವವರಿಲ್ಲ. ಮಕ್ಕಳ ತಪ್ಪಲ್ಲ. ವಸ್ತುವಿಗೆ ಕೊಡುತ್ತಿದ್ದ ಪೀರಿಯಡ್ಡುಗಳನ್ನೇ ವೇಳಾಪಟ್ಟಿಯಿಂದ ತೆಗೆದಿದ್ದಾರೆ. ಅವನ್ನು ಮತ್ತೆ ತರಬೇಕು.

ಅಷ್ಟರೊಳಗೆ ಒಂದು ತುರ್ತು ಕೆಲಸವಿದೆ. ಮೇಷ್ಟ್ರ ಮಾದರಿಗಳ ಕಪಾಟು ಉಗ್ರಾಣದಲ್ಲಿದೆ, ಕೂದಲ ಹಗ್ಗದ ತುಂಡುಗಳಿಗೆ ಹುಳ ಬಿದ್ದಿದೆ. ಔಷಧಿ ಸಿಂಪಡಿಸಬೇಡಿ. ದಪ್ಪ ಪಾಲಿಥೀನ್ ಚೀಲದಲ್ಲಿಟ್ಟು, ಗಾಳಿ ಒತ್ತಿ ತೆಗೆದು, ಬಾಯಿ ಬಿಗಿದು, ಮೈನಸ್ 20 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ. ತಣ್ಣಗಿರುವಾಗಲೇ ಬಿಚ್ಚಿದರೆ ಕೂದಲ ಮೇಲೆ ನೀರಿನ ಪಸೆ ಕೂತು ಬೂಷ್ಟು ಹಿಡಿಯುತ್ತದೆ. ಸಗಣಿಯ ಹಲಗೆಗಳನ್ನು ಅದೇ ಚೀಲಕ್ಕೆ ಹಾಕದೆ ಬೇರೆ ಕಪಾಟಿನಲ್ಲಿ, ಗೋಡೆಗೆ ತಾಗದಂತೆ ಇಡಿ.