ಸ್ಕ್ರೂಡ್ರೈವರ್ ಆಮೇಲೆ, ಮೊದಲು ಕಿವಿ

ವರ್ಷಗಟ್ಟಲೆ ಕಪಾಟಿನಲ್ಲಿದ್ದ ರೀಲ್ ಕ್ಯಾಮೆರಾವನ್ನು ಯಾರಾದರೂ ‘ಕೆಟ್ಟುಹೋಗಿದೆ’ ಎಂದು ತಂದುಕೊಟ್ಟರೆ ನಾನು ಆ ಮಾತನ್ನು ಕೂಡಲೇ ಒಪ್ಪುವುದಿಲ್ಲ. ಪೂರ್ತಿ ಮೆಕ್ಯಾನಿಕಲ್ ಆದ ಕ್ಯಾಮೆರಾಗಳಲ್ಲಿ ಮುರಿದಿರುವುದಕ್ಕಿಂತ ಜಿಡ್ಡುಗಟ್ಟಿರುವುದೇ ಹೆಚ್ಚು. ಮೊದಲು ರಿವೈಂಡ್ ಹಿಡಿಯನ್ನು ಮೆಲ್ಲಗೆ ತಿರುಗಿಸಿ ನೋಡುತ್ತೇನೆ. ಬಿಗಿಯಾಗಿದ್ದರೆ ಒಳಗೆ ಯಾರದೋ ರೀಲ್ ಇರಬಹುದು. ಅದನ್ನು ಬೆಳಕಿಗೆ ಒಡ್ಡಲು ನನಗೆ ಮನಸ್ಸು ಬರುವುದಿಲ್ಲ.

ರೀಲ್ ಇಲ್ಲವೆಂದು ಖಾತ್ರಿಯಾದ ಮೇಲೆ, ಫಿಲ್ಮಿಗೆ ಬೆಳಕು ಬಿಟ್ಟು ಮುಚ್ಚುವ ಶಟರ್ ಅನ್ನು ಒಂದು ಸೆಕೆಂಡಿಗೆ ಇಟ್ಟು ಬಟನ್ ಒತ್ತಿ, ಕಿವಿಗೊಟ್ಟು ಕೇಳುತ್ತೇನೆ. ಒಳಗಿನ ಪುಟ್ಟ ಗೇರುಗಳು ‘ಸರ್ರ್...’ ಎಂದು ಒಂದೇ ಸಮನೆ ಓಡಿ ನಿಲ್ಲಬೇಕು. ಸದ್ದು ನಡುವೆ ಎಳೆದಾಡಿದರೆ, ಅಥವಾ ಶಟರ್ ತೆರೆದುಕೊಂಡೇ ಉಳಿದರೆ, ನಿಧಾನ ವೇಗಗಳನ್ನು ಕಾಯುವ ಗೇರುಗಳಲ್ಲಿ ಹಳೆಯ ಗ್ರೀಸ್ ಗಟ್ಟಿಯಾಗಿದೆ. ಖಾಲಿ ಶಟರನ್ನು ಎಲ್ಲ ವೇಗಗಳಲ್ಲೂ ಮತ್ತೆ ಮತ್ತೆ ಓಡಿಸಿದರೆ ಕೆಲವು ಕ್ಯಾಮೆರಾಗಳು ತಾವಾಗಿಯೇ ಚೇತರಿಸಿಕೊಳ್ಳುತ್ತವೆ. ಚೇತರಿಸಿಕೊಳ್ಳದಿದ್ದರೆ ಬಿಚ್ಚಿ ತೊಳೆಯಬೇಕು. ತುಕ್ಕು ಬಿಡಿಸುವ ಸ್ಪ್ರೇ ಡಬ್ಲ್ಯುಡಿ-40 ಸಿಂಪಡಿಸುವುದು ಮಾತ್ರ ಬೇಡವೇ ಬೇಡ. ಅದು ಹರಿದು ಶಟರ್ ಅಲಗು, ಲೆನ್ಸ್ ಎಲ್ಲಕ್ಕೂ ಮೆತ್ತಿಕೊಂಡು ಹೊಸ ಜಿಡ್ಡಾಗುತ್ತದೆ. ಲೆನ್ಸಿನೊಳಗೇ ಶಟರ್ ಇರುವ ಕ್ಯಾಮೆರಾಗಳ ಅಲಗುಗಳಂತೂ ಒಣಗಿಯೇ ಇರಬೇಕು, ಒಂದು ಹನಿ ಎಣ್ಣೆಯೂ ಸಲ್ಲದು.

ನನಗೆ ತೀರಾ ಆಪ್ತವಾದದ್ದು ಪೆಂಟಾಕ್ಸ್ ಕೆ1000. 1976ರಿಂದ 1997ರವರೆಗೆ ತಯಾರಾದ ಈ ಕ್ಯಾಮೆರಾದಲ್ಲಿ ಬ್ಯಾಟರಿ ಬೇಕಾಗುವುದು ಬೆಳಕು ಅಳೆಯುವ ಮೀಟರಿಗೆ ಮಾತ್ರ. ಅದರ ಶಟರ್ ಎಂದರೆ ಅಡ್ಡಲಾಗಿ ಓಡುವ ಎರಡು ಬಟ್ಟೆಯ ಪರದೆಗಳು. ಮೊದಲನೆಯದು ಸರಿದು ಫಿಲ್ಮಿಗೆ ಬೆಳಕು ಬಿಡುತ್ತದೆ, ಎರಡನೆಯದು ಹಿಂದೆಯೇ ಬಂದು ಮುಚ್ಚುತ್ತದೆ. 1/1000 ಸೆಕೆಂಡಿನ ವೇಗದಲ್ಲಿ ಇವೆರಡರ ನಡುವೆ ಉಳಿಯುವುದು ಸಣ್ಣ ಸೀಳು ಮಾತ್ರ. ಮೊದಲ ಪರದೆ ತುಸು ತಡವರಿಸಿದರೂ ಎರಡನೆಯದು ಅದನ್ನು ಹಿಂದಿನಿಂದ ಹಿಡಿದುಬಿಡುತ್ತದೆ, ಸೀಳು ಮುಚ್ಚಿಹೋಗುತ್ತದೆ, ಚಿತ್ರದ ಒಂದು ಬದಿ ಕಪ್ಪಾಗಿ ಬರುತ್ತದೆ. ಇದನ್ನು ಕಂಡುಹಿಡಿಯಲು ರೀಲ್ ಖರ್ಚು ಮಾಡಬೇಕಿಲ್ಲ. ಲೆನ್ಸ್ ತೆಗೆದು, ಹಿಂಬಾಗಿಲು ತೆರೆದು, ಬೆಳಗುವ ಬಿಳಿ ಗೋಡೆಯತ್ತ ಹಿಡಿದು ಹಿಂದಿನಿಂದ ನೋಡುತ್ತಾ ಕ್ಲಿಕ್ ಮಾಡಿ. ಇಡೀ ಚೌಕಟ್ಟು ಒಮ್ಮೆ ಮಿಂಚಬೇಕು. ಒಂದು ಅಂಚು ಕತ್ತಲಾಗಿಯೇ ಉಳಿದರೆ ರೋಗ ಗೊತ್ತಾಯಿತು.

ಇದಕ್ಕೆ ಪರದೆಯ ಸ್ಪ್ರಿಂಗನ್ನು ಬಿಗಿ ಮಾಡಿಬಿಡಿ ಎಂಬ ಸಲಹೆ ಧಾರಾಳವಾಗಿ ಸಿಗುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಪರದೆಯ ಉರುಳೆಗಳ ಅಚ್ಚಿನಲ್ಲಿ ಕೊಳೆ ಇರುವಾಗ ಸ್ಪ್ರಿಂಗ್ ಬಿಗಿದರೆ ಕೊಳೆ ಅಲ್ಲೇ ಉಳಿದು, ಬಟ್ಟೆಯ ಮೇಲೆ ಎಳೆತ ಹೆಚ್ಚುತ್ತದೆ, ಉಳಿದ ವೇಗಗಳೂ ತಾಳ ತಪ್ಪುತ್ತವೆ. ಮೊದಲು ಅಚ್ಚುಗಳನ್ನು ತೊಳೆದು, ಸೂಜಿ ಮೊನೆಯಷ್ಟು ತೆಳು ಎಣ್ಣೆ ಮುಟ್ಟಿಸಬೇಕು. ಆಮೇಲೂ ಬೇಕಾದರೆ ಸ್ಪ್ರಿಂಗ್. ವೇಗ ಅಳೆಯಲು ಮೊಬೈಲಿನ ಸ್ಲೋ ಮೋಷನ್ ಸಾಕೇ? ಸೆಕೆಂಡಿಗೆ 240 ಫ್ರೇಮ್ ಹಿಡಿಯುವ ಮೊಬೈಲಿಗೆ 1/30 ಎಂದರೆ ಸುಮಾರು 8 ಫ್ರೇಮು, ಎಣಿಸಬಹುದು. 1/1000ಕ್ಕೆ ಅದು ಕೆಲಸಕ್ಕೆ ಬಾರದು. ಅಲ್ಲಿ 1/1000 ನಿಜದಲ್ಲಿ 1/700 ಆಗಿದ್ದರೂ ವ್ಯತ್ಯಾಸ ಅರ್ಧ ಸ್ಟಾಪ್ ಮಾತ್ರ (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು ಅಥವಾ ಅರ್ಧ ಆಗುವುದು). ನೆಗೆಟಿವ್ ಫಿಲ್ಮ್ ಅಷ್ಟನ್ನು ಸುಲಭವಾಗಿ ತಾಳಿಕೊಳ್ಳುತ್ತದೆ. ಅದಕ್ಕಾಗಿ ಕ್ಯಾಮೆರಾ ಬಿಚ್ಚಬೇಡಿ.

ಜಪಾನಿನ ಹಳೆಯ ಕ್ಯಾಮೆರಾಗಳ ಹಿಂಬಾಗಿಲಿನ ಸುತ್ತ ಇರುವ ಕಪ್ಪು ಫೋಮ್ ಕಾಲಕ್ರಮೇಣ ಅಂಟು ಅಂಟಾಗಿ ಕರಗುತ್ತದೆ. ಅದನ್ನು ಮರದ ಕಡ್ಡಿ ಮತ್ತು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೆಗೆಯುವಾಗ ಶಟರ್ ಪರದೆಯ ಮೇಲೊಂದು ಕಾಗದ ಮುಚ್ಚಿ. ಕನ್ನಡಿಯ ಮೇಲ್ಗಡೆಯ ಫೋಮ್ ತೆಗೆಯುವಾಗ ಇನ್ನೂ ಎಚ್ಚರ ಬೇಕು. ಕನ್ನಡಿಯ ಹೊಳೆಯುವ ಲೇಪ ಇರುವುದು ಗಾಜಿನ ಮುಂಭಾಗದಲ್ಲೇ, ಬಟ್ಟೆಯಿಂದ ಉಜ್ಜಿದರೂ ಗೀರು ಬೀಳುತ್ತದೆ. ಕನ್ನಡಿಯ ಮೇಲೆ ಚಿತ್ರ ಮೂಡುವ ಫೋಕಸಿಂಗ್ ಸ್ಕ್ರೀನಿಗೆ ಆಲ್ಕೊಹಾಲ್ ತಾಗಿಸಲೇಬಾರದು.

ಒಲಿಂಪಸ್ ಓಎಂ-1ರಂಥವುಗಳ ಮೀಟರ್ 1.35 ವೋಲ್ಟಿನ ಪಾದರಸದ ಬ್ಯಾಟರಿಗೆಂದು ಮಾಡಿದ್ದು. ಅದು ಈಗ ತಯಾರಾಗುವುದಿಲ್ಲ. 1.5 ವೋಲ್ಟಿನ ಆಲ್ಕಲೈನ್ ಹಾಕಿದರೆ ಮೀಟರ್ ತಪ್ಪು ಹೇಳುತ್ತದೆ, ಬ್ಯಾಟರಿ ಸವೆದಂತೆ ತಪ್ಪಿನ ಪ್ರಮಾಣವೂ ಬದಲಾಗುತ್ತದೆ. ಶ್ರವಣ ಸಾಧನದ 675 ಜಿಂಕ್-ಏರ್ ಬ್ಯಾಟರಿಗೆ ಸಣ್ಣ ಬಳೆ ತೊಡಿಸಿ ಕೂರಿಸಿದರೆ ಲೆಕ್ಕ ಹತ್ತಿರ ಬರುತ್ತದೆ. ಇನ್ನು ಸೋವಿಯತ್ ಕಾಲದ ಜೋರ್ಕಿ, ಫೆಡ್ ಕ್ಯಾಮೆರಾ ಇದ್ದವರು ಫಿಲ್ಮ್ ಮುಂದಕ್ಕೆ ಸುತ್ತಿ ಶಟರ್ ಸಜ್ಜಾದ ಮೇಲೆಯೇ ವೇಗ ಬದಲಿಸಿ, ಮೊದಲೇ ತಿರುಗಿಸಿದರೆ ಒಳಗಿನ ಭಾಗಕ್ಕೆ ಪೆಟ್ಟು.

ಚರ್ಮದ ಚೀಲದೊಳಗೆ ಕ್ಯಾಮೆರಾ ಇಡಬೇಡಿ. ಚರ್ಮ ತೇವ ಹಿಡಿದು ಲೆನ್ಸಿಗೆ ಫಂಗಸ್ ತರುತ್ತದೆ, ಫಂಗಸ್ ಬಿಡುವ ಆಮ್ಲ ಲೇಪವನ್ನೇ ತಿನ್ನುತ್ತದೆ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಆಗಾಗ ಒಂದಿಷ್ಟು ಖಾಲಿ ಕ್ಲಿಕ್ಕು ಇದ್ದರೆ ಸಾಕು.

ರಿಪೇರಿಯವರ ಬಳಿ ಹೋಗಲೇಬೇಕಾದಾಗ ಪ್ರಿಂಟ್ ಬೇಡ, ನೆಗೆಟಿವ್ ಪಟ್ಟಿಯನ್ನೇ ಒಯ್ಯಿರಿ. ಬೆಳಕು ಸೋರಿ ಬಿದ್ದ ಗೆರೆ ಫಿಲ್ಮಿನ ಅಂಚಿನ ತೂತುಗಳವರೆಗೂ ಹರಡಿದ್ದರೆ ಸಾಮಾನ್ಯವಾಗಿ ದೋಷ ಹಿಂಬಾಗಿಲಿನದು. ಚೌಕಟ್ಟಿನೊಳಗೇ ನಿಂತಿದ್ದರೆ ಶಟರ್ ಪರದೆಯನ್ನು ಶಂಕಿಸಬೇಕು, ಅದರಲ್ಲಿ ಸೂಜಿ ತೂತು ಬಿದ್ದಿರಬಹುದು. ಚಿತ್ರಗಳ ನಡುವಿನ ಅಂತರ ಹೆಚ್ಚುಕಡಿಮೆಯಾಗಿ ಒಂದರ ಮೇಲೊಂದು ಬಂದಿದ್ದರೆ ತೊಂದರೆ ಫಿಲ್ಮ್ ಎಳೆಯುವ ಗೇರಿನಲ್ಲಿದೆ.